ಕಾಫಿ ಕೊಯ್ಲಿನ ಹಣವನ್ನು ಕ್ರೈಸ್ತ ವಿಶ್ವಾಸದಂತೆ ನಿರ್ವಹಿಸುವ ಕ್ರಮ

ಚಿಕ್ಕಮಗಳೂರಿನ ಸಣ್ಣ ಕಾಫಿ ಬೆಳೆಗಾರರ ಕೈಗೆ ಹಣ ಬರುವುದು ಹೆಚ್ಚಾಗಿ ಕೊಯ್ಲಿನ ಅನಂತರ ಒಂದೇ ಸಲ. ಆದ್ದರಿಂದ ಅದನ್ನು 12 ತಿಂಗಳಿಗೆ ಹಂಚಿ ಬರೆದುಕೊಳ್ಳಬೇಕು. ದೇವರ ಪಾಲನ್ನು ಆರಂಭದಲ್ಲೇ ತೆಗೆದಿಡಿ: ಬೈಬಲಿನ ಮಲಾಕಿಯ 3:10 ದಶಮಾಂಶವನ್ನು, ಅಂದರೆ ಹತ್ತನೆಯ ಒಂದು ಪಾಲನ್ನು, ಹೇಳಿದರೆ, 2 ಕೊರಿಂಥ 9:7 ಬಲವಂತವಿಲ್ಲದೆ ಸಂತೋಷದಿಂದ ಕೊಡುವುದನ್ನು ಮೆಚ್ಚುತ್ತದೆ. ಕೂಲಿಯವರ ಬಾಕಿ ಉಳಿಸಿಕೊಂಡು ಕೊಡುವ ಕಾಣಿಕೆ ಮಾತ್ರ ನನಗೆ ಸರಿಯೆನಿಸದು. ಕೊಯ್ಲಿನವರ ಕೂಲಿಯನ್ನು ತಡೆಹಿಡಿಯುವುದನ್ನು ಯಾಕೋಬ 5:4 ನೇರವಾಗಿಯೇ ಖಂಡಿಸುತ್ತದೆ.

ಮುಂದಿನದು ಸಾಲ. ಸಾಲ ಪಡೆದವನು ಕೊಟ್ಟವನಿಗೆ ದಾಸನೆನ್ನುವ ಜ್ಞಾನೋಕ್ತಿಗಳು 22:7ನ್ನು ನೆನಪಿಟ್ಟುಕೊಂಡು, ಗೊಬ್ಬರಕ್ಕೆ ತಂದ ಕೈಸಾಲ, ಒಡವೆಯ ಗಿರವಿ, ಬೆಳೆಸಾಲ ಎಲ್ಲವನ್ನೂ ಬಡ್ಡಿದರದೊಡನೆ ಪಟ್ಟಿಮಾಡಿ, ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಬೇಕು. ಆದರೆ ಬೆಳೆಸಾಲದ ಗಡುವು ಮೀರಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ; ಆದ್ದರಿಂದ ಅದನ್ನು ಗಡುವಿನೊಳಗೇ ಕಟ್ಟಿಬಿಡಿ. ಬೆಲೆ ಚೆನ್ನಾಗಿರುವ ವರ್ಷ, ಬೈಬಲಿನ ಯೋಸೇಫನು ಬರಗಾಲಕ್ಕೆಂದು ಐಗುಪ್ತದ ಸುಭಿಕ್ಷ ಕಾಲದಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಡಿಸಿದಂತೆ, ಒಂದಿಷ್ಟನ್ನು ಠೇವಣಿಯಲ್ಲಿಡಿ.