ಮನೆಗೆ ಡಂಬಲ್ಸ್ ಕೊಳ್ಳುವ ಮುನ್ನ ತೂಕ ಗೊತ್ತುಮಾಡಿಕೊಳ್ಳುವುದು ಹೇಗೆ?

ಮನೆಯಲ್ಲೇ ವ್ಯಾಯಾಮ ಮಾಡಬೇಕೆಂದು ನಿಶ್ಚಯಿಸಿದವರು ಸಾಮಾನ್ಯವಾಗಿ ಮೊದಲು ತರುವುದು ಒಂದು ಜೊತೆ ಡಂಬಲ್ಸ್. ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿ, ಕೈಗೆ ಹಿತವೆನಿಸಿದ 5 ಕೆ.ಜಿ.ಯ ಜೊತೆಯನ್ನು ಕೊಂಡು ತಂದರೆ, ಎರಡು ತಿಂಗಳು ಕಳೆಯುವಷ್ಟರಲ್ಲಿ ಅದು ತೋಳಿಗೆ ಸಾಲದಾಗುತ್ತದೆ, ಭುಜದ ವ್ಯಾಯಾಮಕ್ಕೆ ಇನ್ನೂ ಭಾರವಾಗಿಯೇ ಇರುತ್ತದೆ, ಕಾಲಿಗಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಾಗೆ ಮಂಚದ ಕೆಳಗೆ ಸೇರಿದ ಡಂಬಲ್ಸ್‌ಗಳನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ದೇಹದ ಪ್ರಮುಖ ಸ್ನಾಯುಗಳಿಗೆಲ್ಲ ಬಲ ನೀಡುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಆ ಅಭ್ಯಾಸ ವರ್ಷಗಟ್ಟಲೆ ಉಳಿಯಬೇಕಾದರೆ ತೂಕವನ್ನು ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಏರಿಸಲು ಬರುವಂಥ ಸಾಮಗ್ರಿ ಕೈಯಲ್ಲಿರಬೇಕು. ನಮ್ಮ ಗರಡಿ ಮನೆಗಳಲ್ಲಿ ಇದು ಹಳೆಯ ತಿಳಿವಳಿಕೆ. ಹೊಸದಾಗಿ ಬಂದ ಹುಡುಗನ ಕೈಗೆ ಯಾವ ಉಸ್ತಾದರೂ ದೊಡ್ಡ ಪೈಲ್ವಾನರ ಗದೆಯನ್ನು ಕೊಡುವುದಿಲ್ಲ.

ಮೊದಲು ನೀರಿನ ಕ್ಯಾನಿನಿಂದ ಅಳತೆ

ಅಂಗಡಿಗೆ ಹೋಗುವ ಮೊದಲು ನಿಮಗೆ ಬೇಕಾದ ತೂಕವನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಹಿಡಿಯಿರುವ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಒಂದನ್ನು ತೊಳೆದಿಟ್ಟುಕೊಳ್ಳಿ. 1 ಲೀಟರ್ ನೀರಿನ ತೂಕ 1 ಕೆ.ಜಿ. ಆದ್ದರಿಂದ ಅಳತೆ ಮಾಡಿ ನೀರು ಸುರಿದರೆ ಅರ್ಧರ್ಧ ಕೆ.ಜಿ.ಯಂತೆ ತೂಕವನ್ನು ಏರಿಸುತ್ತ ಹೋಗಬಹುದು. ಎಣ್ಣೆ ತುಂಬಿದ ಕ್ಯಾನನ್ನೇ ಬಳಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎಣ್ಣೆ ನೀರಿಗಿಂತ ಹಗುರ.

ಈ ಕ್ಯಾನಿನಿಂದ ಮೂರು ವ್ಯಾಯಾಮಗಳನ್ನು ಮಾಡಿ ನೋಡಿ. ಒಂದು, ಕೈಯನ್ನು ಪಕ್ಕದಿಂದ ಭುಜದ ಮಟ್ಟದವರೆಗೆ ಎತ್ತುವುದು. ಇನ್ನೊಂದು, ಬೆನ್ನನ್ನು ನೇರವಾಗಿಟ್ಟು ಸೊಂಟದಿಂದ ಮುಂದಕ್ಕೆ ಬಾಗಿ, ತೂಕವನ್ನು ಪಕ್ಕೆಯತ್ತ ಎಳೆದುಕೊಳ್ಳುವುದು. ಮೂರನೆಯದು, ತೂಕವನ್ನು ಎದೆಗೆ ಅವಚಿಕೊಂಡು ಬಸ್ಕಿ ಹೊಡೆಯುವುದು. ಇದಕ್ಕೆ ಒಂದು ಕ್ಯಾನ್ ಸಾಲದಿದ್ದರೆ ಗಟ್ಟಿಯಾದ ಕೈಚೀಲದಲ್ಲಿ ಅಕ್ಕಿಯನ್ನು ತೂಗಿ ಹಾಕಿಕೊಳ್ಳಬಹುದು. ಪ್ರತಿಯೊಂದನ್ನೂ 10 ಬಾರಿ ಮಾಡಿದಾಗ ಕೊನೆಯ ಎರಡು ಬಾರಿ ಪ್ರಯಾಸವಾಗಬೇಕು, ಆದರೆ ಮೈ ಓಲಾಡಬಾರದು. ಸರಾಗವಾಗಿ 15 ದಾಟಿದರೆ ಆ ತೂಕ ನಿಮಗೆ ಕಡಿಮೆ. 8 ಮುಟ್ಟುವ ಮೊದಲೇ ಬೆನ್ನು ಬಾಗಿದರೆ ಹೆಚ್ಚು. ಸಿಕ್ಕಿದ ಮೂರು ತೂಕಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಭುಜಕ್ಕೆ 2 ಕೆ.ಜಿ. ಸಾಕಾದ ವ್ಯಕ್ತಿಗೆ ಬಸ್ಕಿಗೆ 8 ಅಥವಾ 10 ಕೆ.ಜಿ. ಬೇಕಾಗುವುದು ತೀರ ಸಹಜ. ಒಂದೇ ಜೊತೆ ಡಂಬಲ್ಸ್ ಇಡೀ ದೇಹಕ್ಕೆ ಏಕೆ ಸಾಲದೆಂಬುದು ಆ ಚೀಟಿಯಲ್ಲೇ ಕಾಣುತ್ತದೆ.

ರಕ್ತದೊತ್ತಡ, ಹೃದಯದ ತೊಂದರೆ ಅಥವಾ ಹರ್ನಿಯಾ ಇರುವವರು ಈ ಪರೀಕ್ಷೆಗೂ ಮುನ್ನ ವೈದ್ಯರನ್ನು ಕೇಳಬೇಕು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಆದ್ದರಿಂದ ಎತ್ತುವಾಗ ಉಸಿರನ್ನು ಹೊರಗೆ ಬಿಡುವುದನ್ನು ಎಲ್ಲರೂ ರೂಢಿಸಿಕೊಳ್ಳುವುದು ಒಳ್ಳೆಯದು.

ಸೆಟ್ಟಿನ ಲೆಕ್ಕ

ನಿಗದಿ ಮಾಡಿಕೊಂಡ ಸಂಖ್ಯೆಗಿಂತ ಒಂದೆರಡು ಬಾರಿ ಹೆಚ್ಚು ಎತ್ತಲು ಬಂದಾಗ ತೂಕವನ್ನು ಶೇ 2ರಿಂದ 10ರಷ್ಟು ಏರಿಸಬೇಕೆಂಬುದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ನೀಡಿದ ಸಲಹೆ. 5 ಕೆ.ಜಿ. ಎತ್ತುವವರಿಗೆ ಶೇ 10 ಎಂದರೆ ಬರೀ ಅರ್ಧ ಕೆ.ಜಿ. ಅಂಗಡಿಯಲ್ಲಿ ಸಿಗುವ ಜೊತೆಗಳಲ್ಲಾದರೋ 2.5ರ ನಂತರ ನೇರವಾಗಿ 5 ಕೆ.ಜಿ. ಬರುವುದುಂಟು, ಅಲ್ಲಿ ಭಾರ ಒಮ್ಮೆಲೇ ಇಮ್ಮಡಿಯಾಗುತ್ತದೆ. ಭುಜದ ಸಣ್ಣ ಸ್ನಾಯುಗಳು ಈ ಜಿಗಿತವನ್ನು ತಾಳಲಾರವು. ಪ್ಲೇಟುಗಳನ್ನು ಹಾಕಿ ತೆಗೆಯಬಹುದಾದ ರಾಡ್ ಡಂಬಲ್ಸ್ ಹೊಸಬರಿಗೆ ಹೆಚ್ಚು ಸೂಕ್ತವೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ‘20 ಕೆ.ಜಿ. ಸೆಟ್’ ಎಂದರೆ ಎರಡೂ ಕೈಗಳ ಪ್ಲೇಟುಗಳು ಸೇರಿ 20. ಒಂದು ಕೈಗೆ ಸಿಗುವುದು 10 ಮಾತ್ರ. ಡಂಬಲ್‌ನ ಎರಡು ತುದಿಗಳಿಗೂ ಸಮನಾದ ತೂಕ ಬೇಕಾದ್ದರಿಂದ ಎರಡು ಡಂಬಲ್ಸ್‌ಗೆ ಒಂದೊಂದು ಅಳತೆಯಲ್ಲೂ ನಾಲ್ಕು ಪ್ಲೇಟುಗಳಿರಬೇಕು. ಈಗ ಸೆಟ್ಟಿನಲ್ಲಿ 2 ಕೆ.ಜಿ.ಯ ನಾಲ್ಕು ಮತ್ತು 3 ಕೆ.ಜಿ.ಯ ನಾಲ್ಕು ಪ್ಲೇಟುಗಳಿವೆ ಎಂದುಕೊಳ್ಳೋಣ. ರಾಡಿನ ತೂಕವನ್ನು ಬಿಟ್ಟರೆ ಪ್ರತಿ ಕೈಗೆ 4, 6 ಮತ್ತು 10 ಎಂಬ ಮೂರೇ ತೂಕಗಳು ಸಿಗುತ್ತವೆ, ಅದರಲ್ಲೂ 6ರಿಂದ 10ಕ್ಕೆ ದೊಡ್ಡ ಅಂತರ. ಅದೇ 20 ಕೆ.ಜಿ.ಯನ್ನು 1.25 ಕೆ.ಜಿ.ಯ ಎಂಟು ಮತ್ತು 2.5 ಕೆ.ಜಿ.ಯ ನಾಲ್ಕು ಪ್ಲೇಟುಗಳಾಗಿ ಕೊಂಡರೆ 2.5, 5, 7.5, 10 ಎಂದು ಸಮನಾದ ನಾಲ್ಕು ಮೆಟ್ಟಿಲುಗಳಾಗುತ್ತವೆ. ಇವುಗಳ ಜೊತೆಗೆ ಅರ್ಧ ಕೆ.ಜಿ.ಯ ನಾಲ್ಕು ಪ್ಲೇಟುಗಳಿದ್ದರೆ ಪ್ರತಿ ಮೆಟ್ಟಿಲಿನ ನಡುವೆ ಇನ್ನೊಂದು ಕಿರುಮೆಟ್ಟಿಲು ಸಿಕ್ಕಂತೆ. ಬಹಳ ಜನ ಲಕ್ಷ್ಯಕೊಡದ ಈ ಪುಟ್ಟ ಪ್ಲೇಟುಗಳನ್ನು ಬಿಡಿಯಾಗಿ ಕೇಳಿಯಾದರೂ ಕೊಳ್ಳಿರಿ. ಕೊಳ್ಳುವಾಗ ನಿಮ್ಮ ರಾಡನ್ನು ಜೊತೆಗೆ ಒಯ್ಯಿರಿ: ಮನೆಬಳಕೆಯ ರಾಡ್ ಸುಮಾರು 1 ಅಂಗುಲ ದಪ್ಪವಿದ್ದರೆ, ಜಿಮ್‌ಗಳ ದಪ್ಪ ರಾಡಿಗೆಂದು ಮಾಡಿದ ‘ಒಲಿಂಪಿಕ್’ ಪ್ಲೇಟಿನ ರಂಧ್ರ ಸುಮಾರು 2 ಅಂಗುಲದ್ದು.

ಯಾವ ಬಗೆಯದು?

ಅಗ್ಗದ ಸೆಟ್ಟುಗಳಲ್ಲಿ ಪಿವಿಸಿ ಹೊದಿಕೆಯೊಳಗೆ ಸಿಮೆಂಟು ತುಂಬಿರುತ್ತಾರೆ. ನಾನು ಮೊದಲು ಕೊಂಡದ್ದೂ ಅದನ್ನೇ. ಒಂದು ಸಂಜೆ ಪ್ಲೇಟೊಂದು ಮೊಣಕಾಲೆತ್ತರದಿಂದ ಜಾರಿ ಟೈಲ್ಸ್ ಮೇಲೆ ಬಿದ್ದು, ಅಂಚಿನ ಬೆಸುಗೆ ಬಾಯಿಬಿಟ್ಟಿತು. ಅಂದಿನಿಂದ ಅದನ್ನು ಎತ್ತಿದಾಗಲೆಲ್ಲ ಒಳಗೆ ಪುಡಿ ಸರಸರನೆ ಸರಿಯುತ್ತಿತ್ತು, ಬೂದು ಬಣ್ಣದ ಧೂಳು ಚಾಪೆಯ ಮೇಲೆ ಉದುರುತ್ತಿತ್ತು. ತೂಕ ಒಂದು ಬದಿಗೆ ಸರಿಯುವ ಅಂಥ ಪ್ಲೇಟನ್ನು ತಲೆಯ ಮೇಲೆ ಎತ್ತಲು ಧೈರ್ಯ ಬರುವುದಿಲ್ಲ. ಗಾತ್ರದ್ದು ಇನ್ನೊಂದು ತೊಡಕು. ಕಬ್ಬಿಣದ ಸಾಂದ್ರತೆ ಕಾಂಕ್ರೀಟಿನ ಮೂರು ಪಟ್ಟು ಇರುವುದರಿಂದ ಅಷ್ಟೇ ತೂಕದ ಸಿಮೆಂಟ್ ಪ್ಲೇಟು ಸುಮಾರು ಮೂರರಷ್ಟು ಜಾಗ ಹಿಡಿಯುತ್ತದೆ. ತೂಕ ಹೆಚ್ಚಿಸಿದಂತೆಲ್ಲ ಅದು ತೊಡೆಗೆ, ಪಕ್ಕೆಗೆ ತಾಗಿ ವ್ಯಾಯಾಮದ ಭಂಗಿಯೇ ಕೆಡುತ್ತದೆ. ತಿಂಗಳ ಮಟ್ಟಿಗೆ ಪ್ರಯತ್ನಿಸಿ ನೋಡುವವರಿಗೆ ಇದು ಆದೀತು. ಮುಂದುವರಿಸುವ ಮನಸ್ಸಿದ್ದವರು ಎರಕದ ಕಬ್ಬಿಣದ ಪ್ಲೇಟುಗಳಿಗೆ ಹಣ ಹಾಕುವುದೇ ಲೇಸು.

ರಬ್ಬರ್ ಹೊದಿಸಿದ ಆರು ಮೂಲೆಯ ಡಂಬಲ್ಸ್ ಉರುಳುವುದಿಲ್ಲ, ನೆಲಕ್ಕೂ ಹಿತ, ನಟ್ಟು ಬಿಗಿಯುವ ಗೊಡವೆಯೂ ಇಲ್ಲ. ಆದರೆ ಪ್ರತಿ ತೂಕಕ್ಕೂ ಬೇರೆ ಜೊತೆ ಬೇಕಾಗಿ ಖರ್ಚೂ ಜಾಗವೂ ಬೆಳೆಯುತ್ತವೆ. ರಬ್ಬರಿನ ವಾಸನೆ ಗಾಢವಾಗಿದ್ದರೆ ಮಲಗುವ ಕೋಣೆಯಲ್ಲಿ ಇಡಲಾಗದು, ಅಂಗಡಿಯಲ್ಲೇ ಮೂಸಿ ನೋಡಿ. ಡಯಲ್ ತಿರುಗಿಸಿ ತೂಕ ಬದಲಿಸುವ ಬಗೆ ಅನುಕೂಲಕರ, ದುಬಾರಿ, ಮತ್ತು ಕೆಳಗೆ ಬೀಳಿಸಿದರೆ ಒಳಗಿನ ಯಂತ್ರ ಕೆಡುವಂಥದ್ದು.

ಅಂಗಡಿಯಲ್ಲಿ ನೋಡಬೇಕಾದದ್ದು

ಹಿಡಿಯನ್ನು ಅಂಗೈಯಲ್ಲಿ ಸುತ್ತಿ ಹಿಡಿದಾಗ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಬರಬೇಕು. ಹಿಡಿಯ ಮೇಲೆ ಕೊರೆದ ಗೀರುಗಳು ಬೆವರಿದ ಕೈ ಜಾರದಷ್ಟು ಒರಟಾಗಿರಲಿ, ಚರ್ಮ ತರಚುವಷ್ಟಲ್ಲ. ತುದಿಯ ನಕ್ಷತ್ರಾಕಾರದ ನಟ್ಟನ್ನು ಪೂರ್ತಿ ತಿರುಗಿಸಿ ನೋಡಿ. ಥ್ರೆಡ್ ಎಲ್ಲಿಯೂ ತಡೆಯಬಾರದು, ಒಳಗೆ ರಬ್ಬರ್ ವಾಷರ್ ಇರಬೇಕು. ಮನೆಯಲ್ಲೂ ಪ್ರತಿ ಸಲ ಎತ್ತುವ ಮೊದಲು ನಟ್ಟುಗಳನ್ನು ಬಿಗಿದುಕೊಳ್ಳಿ, ಏಕೆಂದರೆ ಡಂಬಲ್ ತಿರುಗಿದಂತೆಲ್ಲ ಅವು ತಾವಾಗಿ ಸಡಿಲಗೊಳ್ಳುತ್ತವೆ. ಎರಕದ ಪ್ಲೇಟುಗಳನ್ನು ಹಲವೆಡೆ ಕೆ.ಜಿ. ಲೆಕ್ಕದಲ್ಲಿ ಮಾರುವುದರಿಂದ ರಾಡನ್ನೂ ಪ್ಲೇಟುಗಳನ್ನೂ ತಕ್ಕಡಿಗೆ ಹಾಕಿಸಿ. ಒಂದೇ ಅಳತೆಯ ಎರಡು ಪ್ಲೇಟುಗಳ ತೂಕ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ ಬದಲಿಸಿ ಕೊಡುವಂತೆ ಕೇಳಲು ಸಂಕೋಚ ಬೇಡ.

ನೆಲಕ್ಕೆ ದಪ್ಪನೆಯ ರಬ್ಬರ್ ಮ್ಯಾಟ್ ಹಾಸಿದರೆ ಟೈಲ್ಸ್ ಉಳಿಯುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರ ನಿದ್ದೆಯೂ ಉಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಉಪ್ಪುಗಾಳಿಗೆ ಬರಿಯ ಕಬ್ಬಿಣ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ವ್ಯಾಯಾಮ ಮುಗಿದ ಮೇಲೆ ಬೆವರನ್ನು ಒರೆಸಿ, ಥ್ರೆಡ್ಡಿಗೆ ಆಗಾಗ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಟ್ಟು, ಹಿಡಿಗೆ ತಾಗದಂತೆ ಬಟ್ಟೆಯಿಂದ ಒರೆಸಿಡಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಡಂಬಲ್ಸ್‌ಗಳನ್ನು ಮೇಜಿನ ಮೇಲಾಗಲಿ ಶೆಲ್ಫಿನಲ್ಲಾಗಲಿ ಇಡದೆ, ಗೋಡೆಯ ಮೂಲೆಯಲ್ಲಿ ನೆಲಕ್ಕೇ ಇಟ್ಟು, ಮುಂದೆ ಅಡ್ಡಲಾಗಿ ಒಂದು ಭಾರವಾದ ಪೆಟ್ಟಿಗೆಯನ್ನು ಇರಿಸಿ.