ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಹುಡುಗಿ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡದಲ್ಲಿ ನಾನು ಆಯುಷ್ ವೈದ್ಯ. ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೆ, ಒಂದು ಸಲ ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುವುದು ನಮ್ಮ ಕೆಲಸ. ಕಾಯಿಲೆ ಗುರುತಿಸಿ ರೆಫರಲ್ ಚೀಟಿ ಬರೆದರೆ ನನ್ನ ಪಾಲಿನದು ಮುಗಿಯಿತೆಂದು ಮೊದಮೊದಲು ನಂಬಿದ್ದೆ.

ಕೊಪ್ಪಳ ಜಿಲ್ಲೆಯ ಒಂದು ಅಂಗನವಾಡಿಯಲ್ಲಿ ಮೂರು ವರ್ಷ ತುಂಬಿದ ಹುಡುಗಿಯೊಬ್ಬಳು ಒಂಬತ್ತೂವರೆ ಕಿಲೋ ಮಾತ್ರ ತೂಗಿದಳು. ಸ್ಟೆತಸ್ಕೋಪ್ ಇಟ್ಟಾಗ ಎದೆಮೂಳೆಯ ಎಡಕ್ಕೆ, ಗರಗಸ ಎಳೆದಂತೆ ಒರಟಾದ ಮರ್ಮರ ಶಬ್ದ. "ಸಣ್ಣಾಕಿದ್ದಾಗ ಹಾಲು ಕುಡಿಯೋ ಮುಂದ ಹಣಿ ಬೆವರತಿತ್ರಿ ಸರ, ಮ್ಯಾಲಿಂದ ಮ್ಯಾಲ ಕೆಮ್ಮು" ಎಂದು ತಾಯಿ ಹೇಳಿದ ಮೇಲೆ ನನ್ನ ಅನುಮಾನ ಗಟ್ಟಿಯಾಯಿತು. ಹೃದಯದ ಕೆಳಕೋಣೆಗಳ ನಡುವೆ ರಂಧ್ರವಿರುವುದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಖಚಿತವಾಯಿತು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಿದ್ದರೆ ಅಲ್ಲಿಂದ ರೆಫರಲ್ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ಅದು ಬೇಕಿಲ್ಲ. ರೆಫರಲ್ ಮಾಡಿಸಿ, ದಿನ ಗೊತ್ತುಪಡಿಸಿ, ಆ ತಂದೆತಾಯಿಯನ್ನು ರಾತ್ರಿ ಬಸ್ಸಿಗೆ ಹತ್ತಿಸಿದೆ.

ಮರುದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರ ಫೋನ್ ಮಾಡಿದರು. ಪಡಿತರ ಚೀಟಿಯ ಸಂಖ್ಯೆ ಹಾಕಿದರೆ ಅಜ್ಜಿ, ಅಪ್ಪ, ಅವ್ವ, ಅಣ್ಣ ಎಲ್ಲರೂ ಬರುತ್ತಿದ್ದಾರೆ, ಹುಡುಗಿ ಮಾತ್ರ ಇಲ್ಲ, ಚೀಟಿಯಲ್ಲಿ ಹೆಸರಿಲ್ಲದೆ ಉಚಿತ ಚಿಕಿತ್ಸೆಗೆ ದಾಖಲಿಸಲು ಆಗುವುದಿಲ್ಲ ಎಂದರು. ಚೀಟಿ ಮಾಡಿಸಿದ ಮೇಲೆ ಹುಟ್ಟಿದ ಮಗು ಅದು. ಹೆಸರು ಸೇರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅಂಗನವಾಡಿಯಲ್ಲೇ ಚೀಟಿ ತರಿಸಿ ನೋಡಬೇಕಿದ್ದವನು ನಾನು, ನೋಡಿರಲಿಲ್ಲ. ಇಬ್ಬರ ಎರಡು ದಿನದ ಕೂಲಿ ಮತ್ತು ಬಸ್ ಚಾರ್ಜು ಹೀಗೆ ನನ್ನಿಂದಲೇ ಹೋಯಿತು.

ಹೆಸರು ಸೇರಿಸಲು ಮಗುವಿನ ಆಧಾರ್ ಬೇಕು, ಆಧಾರ್‌ಗೆ ಜನನ ಪ್ರಮಾಣಪತ್ರ ಬೇಕು. ಐದು ವರ್ಷದೊಳಗಿನವರಿಗೆ ಬೆರಳಚ್ಚಿಲ್ಲದೆ, ತಂದೆ ಅಥವಾ ತಾಯಿಯ ಆಧಾರ್‌ಗೆ ಜೋಡಿಸಿ ಸಂಖ್ಯೆ ಕೊಡುವುದರಿಂದ ಅದು ಕಷ್ಟವೇನಲ್ಲ. ಕಷ್ಟವಾದದ್ದು ಪ್ರಮಾಣಪತ್ರ. ಹೆರಿಗೆ ತವರಿನಲ್ಲಿ, ಬೇರೆ ತಾಲ್ಲೂಕಿನಲ್ಲಿ ಆಗಿತ್ತು. ನಾಮಕರಣಕ್ಕೆ ಮೊದಲೇ ನೋಂದಣಿಯಾಗಿದ್ದರಿಂದ ಹೆಸರಿನ ಜಾಗ ಖಾಲಿ ಉಳಿದಿತ್ತು. ಒಂದು ವರ್ಷದೊಳಗೆ ಹೋಗಿದ್ದರೆ ಹೆಸರನ್ನು ಶುಲ್ಕವಿಲ್ಲದೆ ಬರೆಸಬಹುದಿತ್ತು, ಈಗ ವಿಳಂಬ ಶುಲ್ಕ ಕಟ್ಟಿದೆವು. ಆಶಾ ಕಾರ್ಯಕರ್ತೆ ಆ ತಾಯಿಯೊಂದಿಗೆ ಮೂರು ಸಲ ಅಲೆದರು. ಅವರ ಅಲೆದಾಟಕ್ಕೆ ಯಾವ ಯೋಜನೆಯಲ್ಲೂ ಪ್ಯಾಕೇಜ್ ಇಲ್ಲ.

ಏಳು ವಾರಗಳ ನಂತರ ಹುಡುಗಿ ಅದೇ ಆಸ್ಪತ್ರೆಯಲ್ಲಿ ದಾಖಲಾದಳು. ಶಸ್ತ್ರಚಿಕಿತ್ಸೆಗೆ ಮನೆಯವರು ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ಜೊತೆಗಿದ್ದವರ ಊಟಕ್ಕೂ ಮಗನನ್ನು ನೆರೆಯವರಲ್ಲಿ ಬಿಟ್ಟಿದ್ದಕ್ಕೂ ಸಾಲವಾಯಿತು.

ಈಗ ತಪಾಸಣೆಯ ಹಿಂದಿನ ದಿನವೇ ಅಂಗನವಾಡಿ ಕಾರ್ಯಕರ್ತೆಗೆ ಫೋನ್ ಮಾಡಿ, ತಾಯಿ ಕಾರ್ಡಿನ ಜೊತೆ ಪಡಿತರ ಚೀಟಿಯನ್ನೂ ತರಿಸಲು ಹೇಳುತ್ತೇನೆ. ಕಾಯಿಲೆ ಇರಲಿ, ಇಲ್ಲದಿರಲಿ, ಚೀಟಿಯಲ್ಲಿ ಹೆಸರಿಲ್ಲದ ಮಗುವಿನ ಮುಂದೆ ಕೆಂಪು ಶಾಯಿಯ ಗುರುತು ಬೀಳುತ್ತದೆ. ಕಳೆದ ಸುತ್ತಿನಲ್ಲಿ ಆ ಹುಡುಗಿಯ ಅಂಗನವಾಡಿಯಲ್ಲೇ 31 ಮಕ್ಕಳಲ್ಲಿ ಒಂಬತ್ತು ಕೆಂಪು ಗುರುತು ಬಿದ್ದವು.