ಶೇಪ್‌ಫೈಲ್ ಆಟೋಕ್ಯಾಡ್‌ನಲ್ಲಿ ಚುಕ್ಕಿಯಾಗಿ ಬಂದರೆ
ತುಮಕೂರು ಸುತ್ತಲಿನ ರಸ್ತೆಗಳ ಶೇಪ್‌ಫೈಲನ್ನು (ನಕ್ಷೆಯ ದತ್ತಾಂಶದ ಫೈಲ್) ಡಿಎಕ್ಸ್‌ಎಫ್ (ರೇಖಾಚಿತ್ರದ ಫೈಲ್) ಮಾಡಿ, ರೇಖಾಚಿತ್ರ ತಂತ್ರಾಂಶ ಆಟೋಕ್ಯಾಡ್‌ನಲ್ಲಿ ತೆರೆದರೆ ಇಡೀ ನಕ್ಷೆ ಒಂದು ಚುಕ್ಕಿ. 1 ಕಿ.ಮೀ. ರಸ್ತೆ ಅಳೆದರೆ 0.009 ಬರುತ್ತಿತ್ತು. ಅಂದರೆ ಅಳತೆ ಮೀಟರಿನಲ್ಲಿಲ್ಲ, ಡಿಗ್ರಿಯಲ್ಲಿದೆ.

ಸ್ಕೇಲ್ ಕಮಾಂಡ್‌ನಿಂದ ಹಿಗ್ಗಿಸಿದೆ, ಆಕಾರ ಕೆಟ್ಟಿತು. ಇಲ್ಲಿ ಅಕ್ಷಾಂಶದ 1 ಡಿಗ್ರಿ ಸುಮಾರು 110.6 ಕಿ.ಮೀ., ರೇಖಾಂಶದ್ದು 108; ಹಾಗಾಗಿ ಎರಡೂ ದಿಕ್ಕಿಗೆ ಒಂದೇ ಪ್ರಮಾಣದ ಹಿಗ್ಗಿಸುವಿಕೆ ಹೊಂದದು. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನ 'ಸೆಟ್ ಲೇಯರ್ ಸಿಆರ್‌ಎಸ್' (ಸಿಆರ್‌ಎಸ್ ಅಂದರೆ ನಿರ್ದೇಶಾಂಕ ಪದ್ಧತಿ) ಕೂಡ ಉಪಯೋಗಕ್ಕೆ ಬರಲಿಲ್ಲ. ಅದು ಹಣೆಪಟ್ಟಿ ಬದಲಿಸುತ್ತದೆಯೇ ಹೊರತು ನಿರ್ದೇಶಾಂಕಗಳನ್ನಲ್ಲ. ಹಾಗೆ ಬದಲಿಸಿದ್ದರೆ ಮೊದಲು ಇಪಿಎಸ್‌ಜಿ 4326ಕ್ಕೆ (ಡಿಗ್ರಿಯಲ್ಲಿ ಅಳೆಯುವ ಪದ್ಧತಿಯ ಸಂಕೇತಸಂಖ್ಯೆ) ಮರಳಿಸಿ. ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ.

ಆಮೇಲೆ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ 'ರೀಪ್ರಾಜೆಕ್ಟ್ ಲೇಯರ್' ತೆರೆದು ಟಾರ್ಗೆಟ್ ಸಿಆರ್‌ಎಸ್ ಇಪಿಎಸ್‌ಜಿ 32643 ಕೊಡಿ. ಇದು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯ. ಜಾಗ 78 ಡಿಗ್ರಿ ಪೂರ್ವ ದಾಟಿದ್ದರೆ 32644. ಹೊಸದಾಗಿ ಬಂದ ಲೇಯರನ್ನೇ, ಅದೇ ಸಿಆರ್‌ಎಸ್‌ನಲ್ಲಿ ಡಿಎಕ್ಸ್‌ಎಫ್ ಆಗಿ ಉಳಿಸಿ. ಆಟೋಕ್ಯಾಡ್‌ನಲ್ಲಿ ಅಳತೆಯ ಮಾನ ಹೇಳುವ ಇನ್ಸ್‌ಯುನಿಟ್ಸ್ ಅನ್ನು 6, ಅಂದರೆ ಮೀಟರ್ ಮಾಡಿ. ನಂತರ ಇಡೀ ನಕ್ಷೆ ಕಾಣಲು ಝೂಮ್ ಎಕ್ಸ್‌ಟೆಂಟ್ಸ್ ಕೊಡಿ.